ಸಾಹಿತ್ಯದ ಹಾಳೆ ಕೊಡುವುದು ಯಾವಾಗ? – ಆರ್.ಇ.ಎಂ. ತಂಡದ ಹಾಡುಗಳಿಂದ ಒಂದು ಆಲಿಸುವಿಕೆಯ ಪಾಠ

ಇಂಗ್ಲಿಷ್ ಬೋಧನಾ ವಿಷಯದ ಪ್ರಶಿಕ್ಷಣಾರ್ಥಿಗಳು ಆಲಿಸುವಿಕೆಯ ಪಾಠಕ್ಕೆ ಹಾಡನ್ನು ಆರಿಸಿಕೊಂಡರೆ ಮೊದಲು ಮಾಡುವ ಕೆಲಸ, ಅದರ ಸಾಹಿತ್ಯವನ್ನು ಜೆರಾಕ್ಸ್ ಮಾಡಿಸಿ ಹಂಚುವುದು. ಹಾಳೆ ಕೈಗೆ ಬಂದ ಕೂಡಲೇ ಕಿವಿಗೆ ಕೆಲಸವಿಲ್ಲ. ಪಾಠಯೋಜನೆಯಲ್ಲಿ ಆಲಿಸುವಿಕೆ ಎಂದಿರುತ್ತದೆ, ತರಗತಿಯಲ್ಲಿ ನಡೆಯುವುದು ಓದು. ಏಕೆ ಹೀಗೆ ಎಂದು ಕೇಳಿದರೆ, "ಕನ್ನಡ ಮಾಧ್ಯಮದ ಮಕ್ಕಳು ಮೇಡಂ, ಅರ್ಥವಾಗದೆ ಸುಮ್ಮನೆ ಕೂತುಬಿಡುತ್ತಾರೆ" ಎನ್ನುತ್ತಾರೆ. ಈ ಅಂಜಿಕೆ ಬಿಡಿಸಲು ನಾನು ಅಮೆರಿಕದ ಆಲ್ಟರ್ನೇಟಿವ್ ರಾಕ್ ತಂಡವಾದ ಆರ್.ಇ.ಎಂ.ನ ಹಾಡುಗಳನ್ನು ಬಳಸುತ್ತೇನೆ.

ಈ ತಂಡ ಹುಟ್ಟಿದ್ದು 1980ರಲ್ಲಿ, ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಗಾಯಕ ಮೈಕಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರಿ. 1983ರಲ್ಲಿ ಬಂದ ಮೊದಲ ಪೂರ್ಣ ಆಲ್ಬಂನ ಹೆಸರು 'ಮರ್ಮರ್'. ನಮ್ಮ 'ಮರ್ಮರ'ವನ್ನೇ ನೆನಪಿಸುವ ಹೆಸರು, ಒಳಗಿರುವುದೂ ಅದೇ. ಸ್ಟೈಪ್ ದನಿ ವಾದ್ಯಗಳ ನಡುವೆ ಅರ್ಧ ಮುಳುಗಿದೆ. ಪದಗಳು ಒಂದಕ್ಕೊಂದು ಅಂಟಿಕೊಂಡಿವೆ. ಇಂಗ್ಲಿಷ್ ಮನೆಮಾತಿನವರಿಗೂ ಅವು ಪೂರ್ತಿ ಸಿಗಲಿಲ್ಲ. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ಅದನ್ನು ಆ ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿದರು.

ನಮ್ಮ ಜೆರಾಕ್ಸ್ ಹಾಳೆಗೆ ನೇರ ಸಂಬಂಧಪಟ್ಟ ಇನ್ನೊಂದು ಸಂಗತಿಯಿದೆ. ಮೊದಲ 10 ಆಲ್ಬಂಗಳಲ್ಲಿ ತಂಡ ತನ್ನ ಹಾಡುಗಳ ಸಾಹಿತ್ಯವನ್ನು ಪೂರ್ತಿಯಾಗಿ ಅಚ್ಚು ಹಾಕಲೇ ಇಲ್ಲ. 1988ರ 'ಗ್ರೀನ್'ನಲ್ಲಿ ಒಂದೇ ಒಂದು ಹಾಡಿನದು ಬಂತು. ಎಲ್ಲ ಹಾಡುಗಳದೂ ಬಂದದ್ದು 1998ರ 'ಅಪ್'ನಲ್ಲಿ. ಅಷ್ಟು ವರ್ಷ ಕೇಳುಗರು ಹಾಳೆಯಿಲ್ಲದೆಯೇ ಕೇಳಿದರು, ತಪ್ಪಾಗಿ ಕೇಳಿದರು, ಅದರ ಬಗ್ಗೆ ವಾದ ಮಾಡಿದರು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ತಿಳಿಯದಿರುವುದಕ್ಕೆ ತಮ್ಮ ಮಾಧ್ಯಮವೇ ಕಾರಣ ಎಂಬ ನಾಚಿಕೆ ಅರ್ಧ ಅಲ್ಲೇ ಕರಗುತ್ತದೆ.

ಪಾಠಕ್ಕೆ 'ಮರ್ಮರ್'ನಿಂದ ಒಂದು ನಿಮಿಷ ಸಾಕು. ಮುಖ್ಯ ಹಾಡು 1992ರ 'ಆಟೊಮ್ಯಾಟಿಕ್ ಫಾರ್ ದಿ ಪೀಪಲ್'ನ 'ಎವರಿಬಡಿ ಹರ್ಟ್ಸ್'. ಅದೇ ಗಾಯಕ, ಆದರೆ ಲಯ ನಿಧಾನ, ಪದಗಳು ಬಿಡಿಬಿಡಿ. ಬದುಕು ಸಾಕೆನಿಸಿದವರಿಗೆ ಧೈರ್ಯ ಹೇಳುವ ಹಾಡಾದ್ದರಿಂದ ಪ್ರಶಿಕ್ಷಣಾರ್ಥಿಯು ತರಗತಿಯ ಮಕ್ಕಳ ಪರಿಸ್ಥಿತಿಯನ್ನು ವರ್ಗಶಿಕ್ಷಕರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಈ ಹೆಜ್ಜೆಯನ್ನು ಬಿಡುವಂತಿಲ್ಲ.

ಮೊದಲ ಸಲ ಪೆನ್ನು ಮುಟ್ಟುವಂತಿಲ್ಲ. ವಾದ್ಯ ಯಾವುದು, ದನಿಯ ಭಾವ ಏನು, ಅಷ್ಟೇ. ಎರಡನೆಯ ಸಲ ಕಿವಿಗೆ ಬಿದ್ದ ಪದ ಬರೆಯಲಿ, ಕನ್ನಡ ಅಕ್ಷರದಲ್ಲಾದರೂ ಸರಿ. ಮೂರನೆಯ ಸಲದ ನಂತರ ಪಕ್ಕದವರ ಪಟ್ಟಿಯೊಂದಿಗೆ ಹೋಲಿಕೆ. ಹಾಳೆ ಕೊನೆಯ 5 ನಿಮಿಷದಲ್ಲಿ.

ನಾನು ಅವಲೋಕಿಸಿದ ಒಂದು ಪಾಠದಲ್ಲಿ ಒಬ್ಬ ಹುಡುಗಿ 'ಹರ್ಟ್ಸ್' ಬದಲು 'ಹಾರ್ಟ್ಸ್' ಎಂದು ಬರೆದಿದ್ದಳು. ಪ್ರಶಿಕ್ಷಣಾರ್ಥಿ ಕೆಂಪು ಪೆನ್ನು ತೆಗೆಯಲಿಲ್ಲ. ಎರಡೂ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಎರಡನ್ನೂ ಉಚ್ಚರಿಸಿ, ಹಾಡನ್ನು ಮತ್ತೆ ಹಾಕಿದರು. ಎಲ್ಲ ವ್ಯಂಜನ ಸರಿಯಾಗಿ ಕೇಳಿದ್ದಾಳೆ, ತಪ್ಪಿದ್ದು ಒಂದು ಸ್ವರ. ಆ ದಿನದ ಉಚ್ಚಾರಣೆಯ ಪಾಠವನ್ನು ಆಕೆಯೇ ಒದಗಿಸಿದಂತಾಯಿತು.

ಸಮಯ ಉಳಿದರೆ 1991ರ 'ಲೂಸಿಂಗ್ ಮೈ ರಿಲಿಜನ್'. ಪದಕ್ಕೆ ಪದ ಅನುವಾದಿಸಿದವರು ಇದನ್ನು ಧರ್ಮದ ಹಾಡೆಂದೇ ತಿಳಿಯುತ್ತಾರೆ. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಅದು ತಾಳ್ಮೆ ತಪ್ಪುವುದಕ್ಕೆ ಹೇಳುವ ನುಡಿಗಟ್ಟು. ಹಾಡು ಮರುಪ್ರೀತಿ ಸಿಗದವನದು. ನಾವು 'ತಲೆ ಕೆಟ್ಟುಹೋಯಿತು' ಎಂದಾಗ ಯಾರೂ ಡಾಕ್ಟರನ್ನು ಕರೆಯುವುದಿಲ್ಲವಲ್ಲ, ಹಾಗೆ.

ಸ್ಪೀಕರ್ ಇಲ್ಲದ ಶಾಲೆಯಲ್ಲಿ ಈ ಹಾಡೇ ಅನುಕೂಲ. ಇದರ ಮ್ಯಾಂಡೊಲಿನ್ ಮೊಬೈಲಿನಲ್ಲೂ ಚೆನ್ನಾಗಿ ಕೇಳಿಸುತ್ತದೆ. ಮೊಬೈಲನ್ನು ಮೇಜಿನ ಮೇಲಲ್ಲ, ಮಕ್ಕಳ ನಡುವೆ ಇಡಿ.