ಚಿಪ್ ಕೇಳಿದಷ್ಟೇ ಬಡಿಸು

ಪುಟ್ಟಿ, ನೀನು ಕಳಿಸಿದ ಸರ್ಕ್ಯೂಟ್ ನಕ್ಷೆಯನ್ನು ನಿನ್ನೆ ರಾತ್ರಿ ಕೂತು ನೋಡಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ6678, ಎಂಟು ಕೋರಿನ ಡಿಎಸ್‌ಪಿ. ಮೊದಲ ಬೋರ್ಡಿಗೇ ಇಂಥ ಗಟ್ಟಿ ಕೆಲಸ ಸಿಕ್ಕಿತಲ್ಲ, ನಿನ್ನ ಅಮ್ಮನಿಗಿಂತ ನನಗೇ ಹೆಚ್ಚು ಖುಷಿ. ಆದರೆ ಕೋರ್ ಸಪ್ಲೈ ಪಕ್ಕದಲ್ಲಿ ‘1.0 ವೋಲ್ಟ್’ ಎಂದು ಬರೆದು ಮುಗಿಸಿದ್ದೀಯಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಬೋರ್ಡ್ ಮಾಡಲು ಕೊಡುವ ಮೊದಲು ಈ ಮಾವ ಹೇಳುವುದನ್ನು ಓದಿಕೋ.

• ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಹಸಿವೂ ಒಂದೇ ಸಮ ಇರುವುದಿಲ್ಲ. ಚಿಪ್‌ಗಳದ್ದೂ ಹಾಗೇ. ಕೆಲವು ಹುಟ್ಟಾ ಚುರುಕು. ಕಡಿಮೆ ವೋಲ್ಟೇಜಿನಲ್ಲೇ 1 ಗಿಗಾಹರ್ಟ್ಸ್ ಓಡುತ್ತವೆ, ಆದರೆ ಅವುಗಳಲ್ಲಿ ಸೋರಿಕೆ ಕರೆಂಟ್ ಜಾಸ್ತಿ. ಕೆಲವು ನಿಧಾನ, ಸೋರಿಕೆ ಕಡಿಮೆ, ಅದೇ ವೇಗಕ್ಕೆ ವೋಲ್ಟೇಜ್ ಹೆಚ್ಚು ಬೇಕು. ಯಾವ ಚಿಪ್ಪಿಗೆ ಎಷ್ಟು ಬೇಕು ಎಂಬುದನ್ನು ಕಾರ್ಖಾನೆಯ ಪರೀಕ್ಷೆಯಲ್ಲೇ ಗುರುತಿಸಿ, ಆ ಸಂಖ್ಯೆಯನ್ನು ಚಿಪ್ಪಿನೊಳಗೇ ಅಳಿಯದಂತೆ ಬರೆದಿರುತ್ತಾರೆ. ಸ್ಮಾರ್ಟ್‌ರಿಫ್ಲೆಕ್ಸ್ ಎನ್ನುವುದು ಇದನ್ನೇ. ಹಾಗಾಗಿ ಕೋರ್ ವೋಲ್ಟೇಜ್ ಎಷ್ಟಿರಬೇಕೆಂದು ತೀರ್ಮಾನಿಸುವವಳು ನೀನಲ್ಲ.

• ಇಷ್ಟೆಲ್ಲ ತಾಪತ್ರಯ ಯಾಕೆ, ಎಲ್ಲಕ್ಕೂ 1.1 ಕೊಟ್ಟುಬಿಡೋಣ ಎನ್ನಬೇಡ. ಸ್ವಿಚಿಂಗ್‌ನಲ್ಲಿ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 0.95ರಲ್ಲಿ ಓಡಬಲ್ಲ ಚಿಪ್ಪನ್ನು 1.1ರಲ್ಲಿ ಓಡಿಸಿದರೆ ಮೂರನೇ ಒಂದರಷ್ಟು ಹೆಚ್ಚು ಬಿಸಿ. ಚುರುಕು ಚಿಪ್ಪಿನ ಸೋರಿಕೆ ಅದರ ಮೇಲೆ ಬೇರೆ.

• ಕಡಿಮೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನೇ ಅನುಭವಿಸಿದ್ದೇನೆ. ಹಿಂದೆ ಒಂದು ಬೋರ್ಡಿನಲ್ಲಿ ದುಡ್ಡು ಉಳಿಸಲು ಕೋರ್‌ಗೆ 1.0 ವೋಲ್ಟ್ ಗಟ್ಟಿಯಾಗಿ ಕಟ್ಟಿಬಿಟ್ಟೆವು. ಮೊದಲ ಹತ್ತು ಬೋರ್ಡ್ ಚೆನ್ನಾಗಿ ಓಡಿದವು. ಮುಂದಿನ ಕಂತಿನಲ್ಲಿ ಮೂರು ಬೋರ್ಡ್ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಮಾತ್ರ ನಿಂತುಹೋಗುತ್ತಿದ್ದವು. ಎರಡು ವಾರ ಸಾಫ್ಟ್‌ವೇರ್ ಹುಡುಗರ ಮೇಲೆ ಗೂಬೆ ಕೂರಿಸಿದೆ. ಕೊನೆಗೆ ಚಿಪ್ ಹೊರಗೆ ಹಾಕುವ ಸಂಖ್ಯೆಯನ್ನು ಓದಿ ನೋಡಿದರೆ ಆ ಮೂರೂ 1.05ರ ಆಸುಪಾಸು ಕೇಳುತ್ತಿದ್ದವು. ಆ ಹುಡುಗರ ಮೇಜಿಗೆ ಹೋಗಿ ಕ್ಷಮೆ ಕೇಳಿದೆ.

• ಚಿಪ್ ಕೇಳುವ ರೀತಿ ತಿಳಿದುಕೋ. ಸಂಖ್ಯೆಗೆ ಆರು ಬಿಟ್, ತಂತಿ ನಾಲ್ಕೇ. ಮೂರು ತಂತಿಯಲ್ಲಿ ಮೊದಲು ಕೆಳಗಿನ ಮೂರು ಬಿಟ್, ಆಮೇಲೆ ಮೇಲಿನ ಮೂರು; ಈಗ ಬಂದಿರುವುದು ಯಾವ ಅರ್ಧ ಎಂದು ನಾಲ್ಕನೆಯ ತಂತಿ ಹೇಳುತ್ತದೆ. ಸೊನ್ನೆ ಎಂದರೆ 0.7 ವೋಲ್ಟ್, ಅಲ್ಲಿಂದ ಮೆಟ್ಟಿಲಿಗೆ 6.4 ಮಿಲಿವೋಲ್ಟ್, 63 ಎಂದರೆ 1.103. ಉದಾಹರಣೆಗೆ ಮೊದಲು 111, ಆಮೇಲೆ 110 ಬಂದರೆ 110111, ಎಂದರೆ 55, ಅಂದರೆ 1.052 ವೋಲ್ಟ್. ಈ ತಂತಿಗಳು ಓಪನ್ ಡ್ರೈನ್, 1.8 ವೋಲ್ಟಿಗೆ ಪುಲ್‌ಅಪ್ ಬೇಕೇ ಬೇಕು. ನಿನ್ನ ನಕ್ಷೆಯಲ್ಲಿ ಆ ಪುಲ್‌ಅಪ್‌ಗಳು ಕಾಣಲಿಲ್ಲ. ಆ ಕಡೆ ಸಂಖ್ಯೆ ಓದಿ ವೋಲ್ಟೇಜ್ ಕೊಡುವ ಕಂಟ್ರೋಲರ್ 3.3 ವೋಲ್ಟಿನದಾದರೆ ನಡುವೆ ಲೆವೆಲ್ ಟ್ರಾನ್ಸ್‌ಲೇಟರ್ ಹಾಕು.

• ಯುಸಿಡಿ9222ರಂಥ ಡಿಜಿಟಲ್ ಕಂಟ್ರೋಲರ್ ನಿನಗೆ ಭಾರ ಎನಿಸಿದರೆ ಎಲ್‌ಎಂ10011 ಸಾಕು. ಅದು ಸಾಮಾನ್ಯ ಬಕ್ ರೆಗ್ಯುಲೇಟರಿನ ಫೀಡ್‌ಬ್ಯಾಕ್ ಪಿನ್ನಿಗೆ ಸಣ್ಣ ಕರೆಂಟ್ ತಳ್ಳಿ ವೋಲ್ಟೇಜನ್ನು ಇಳಿಸುತ್ತದೆ. ಲೆಕ್ಕ ಸುಲಭ. ಮೆಟ್ಟಿಲಿಗೆ 0.94 ಮೈಕ್ರೋಆಂಪಿಯರ್ ಆದರೆ, 6.4 ಮಿಲಿವೋಲ್ಟಿಗೆ ಮೇಲಿನ ರೆಸಿಸ್ಟರ್ 6.8 ಕಿಲೋಓಮ್ ಆಸುಪಾಸು. ರೆಫರೆನ್ಸ್ 0.6 ವೋಲ್ಟ್ ಇದ್ದರೆ, ಕರೆಂಟ್ ಸೊನ್ನೆಯಾದಾಗ 1.103 ನಿಲ್ಲಲು ಕೆಳಗಿನದು ಸುಮಾರು 8.1 ಕಿಲೋಓಮ್. ಹೀಗೆ ಕಟ್ಟಿದರೆ ಆ ಕರೆಂಟ್ ಯಾವ ಕಾರಣಕ್ಕೆ ನಿಂತುಹೋದರೂ ವೋಲ್ಟೇಜ್ 1.103 ದಾಟುವುದಿಲ್ಲ. ಇಲ್ಲಿ ಶೇ 1ರ ರೆಸಿಸ್ಟರ್ ಹಾಕಬೇಡ. ಎರಡೂ ವಿರುದ್ಧ ದಿಕ್ಕಿಗೆ ವಾಲಿದರೆ 10 ಮಿಲಿವೋಲ್ಟ್ ತಪ್ಪುತ್ತದೆ, ಒಂದೂವರೆ ಮೆಟ್ಟಿಲು! ಶೇ 0.1ರದ್ದೇ ತರಿಸು.

• ಪವರ್ ಕೊಟ್ಟ ಕ್ಷಣದಲ್ಲಿ ಚಿಪ್ಪಿಗೆ ಇನ್ನೂ ಬಾಯಿ ಬಂದಿರುವುದಿಲ್ಲ. ಅದು ರೀಸೆಟ್‌ನಿಂದ ಎದ್ದು ತನ್ನ ಸಂಖ್ಯೆ ಹೇಳುವವರೆಗೆ ಸಪ್ಲೈ ತಾನಾಗಿಯೇ 1.1ರಲ್ಲಿ ಕಾದಿರಬೇಕು. ಎಲ್‌ಎಂ10011ರಲ್ಲಿ ಈ ಆರಂಭದ ಮಟ್ಟಕ್ಕೆಂದೇ ಒಂದು ರೆಸಿಸ್ಟರ್ ಇದೆ, ಮರೆಯಬೇಡ.

• ಒಳಗಿನ ಮೆಮೊರಿಗೆ ಹೋಗುವ ಸಿವಿಡಿಡಿ1 ಬೇರೆ, ಅದು 1.0 ವೋಲ್ಟಿನಲ್ಲೇ ಸ್ಥಿರ. ಅದನ್ನೂ ಕೋರ್ ಸಪ್ಲೈಯನ್ನೂ ಒಂದಕ್ಕೊಂದು ಸೇರಿಸಬೇಡ.

• ಈಗ ಲೇಔಟ್. ಇಲ್ಲಿ ನಿಧಾನವಾಗಿ ಓದು, ಹೆಚ್ಚಿನವರು ಜಾರಿ ಬೀಳುವುದು ಇಲ್ಲೇ. 35 ಮೈಕ್ರಾನ್ ತಾಮ್ರದ ಪದರಕ್ಕೆ ಪ್ರತಿ ಚೌಕಕ್ಕೆ ಅರ್ಧ ಮಿಲಿಓಮ್ ಇದೆ. ರೆಗ್ಯುಲೇಟರಿನಿಂದ ಡಿಎಸ್‌ಪಿಗೆ ನಾಲ್ಕು ಚೌಕದಷ್ಟು ದಾರಿ, 10 ಆಂಪಿಯರ್ ಕರೆಂಟ್ ಎಂದುಕೋ: 20 ಮಿಲಿವೋಲ್ಟ್ ದಾರಿಯಲ್ಲೇ ಹೋಯಿತು. ಚಿಪ್ ಅಷ್ಟು ನಾಜೂಕಾಗಿ ಮೆಟ್ಟಿಲು ಎಣಿಸಿ ಕೇಳಿದ್ದನ್ನು ನಾವು ತಾಮ್ರದಲ್ಲಿ ಕಳೆದರೆ ಹೇಗೆ? ಸೆನ್ಸ್ ತಂತಿ ರೆಗ್ಯುಲೇಟರಿನ ಬಾಯಲ್ಲಲ್ಲ, ಡಿಎಸ್‌ಪಿಯ ಹೊಟ್ಟೆಯಡಿಯ ಬಾಲ್‌ನಿಂದ ಬರಬೇಕು. ಗ್ರೌಂಡ್ ಕಡೆಯದನ್ನೂ ಜೊತೆಜೊತೆಗೆ ಎಳೆ. ಇಂಡಕ್ಟರಿನಿಂದ ದೂರ ಇಡು.

• ಕೋರ್‌ಗಳೆಲ್ಲ ಒಮ್ಮೆಲೇ ಎದ್ದಾಗ ಕರೆಂಟ್ 5 ಆಂಪಿಯರ್ ಜಿಗಿಯಿತೆನ್ನು. ಕುಸಿತ 30 ಮಿಲಿವೋಲ್ಟ್ ದಾಟಬಾರದು. ರೆಗ್ಯುಲೇಟರಿನ ಕಂಟ್ರೋಲ್ ಲೂಪ್ 50 ಕಿಲೋಹರ್ಟ್ಸ್‌ನದಾದರೆ ಔಟ್‌ಪುಟ್ ಕಡೆ ಸುಮಾರು 530 ಮೈಕ್ರೋಫ್ಯಾರಡ್ ಬೇಕು. ಲೂಪ್ ಎಚ್ಚೆತ್ತುಕೊಳ್ಳುವವರೆಗೆ ಕಾಯುವವರು ಈ ಕೆಪಾಸಿಟರ್‌ಗಳೇ. ಇನ್‌ಪುಟ್ ಕಡೆಯ ಸೆರಾಮಿಕ್ ಕೆಪಾಸಿಟರಿನ ಮೈಮೇಲೆ 10 ಮೈಕ್ರೋಫ್ಯಾರಡ್ ಎಂದಿದ್ದರೂ 12 ವೋಲ್ಟ್ ಬಿದ್ದಾಗ ಎಷ್ಟು ಉಳಿಯುತ್ತದೆ ಎಂಬ ಗ್ರಾಫ್ ನೋಡದೆ ಆರಿಸಬೇಡ. ಸಣ್ಣ ಗಾತ್ರದವು ಅರ್ಧಕ್ಕಿಂತ ಕೆಳಗೂ ಇಳಿಯುತ್ತವೆ.

• ಬೋರ್ಡ್ ಬಂದಾಗ ಆತುರ ಬೇಡ. ಒಂದೆರಡು ಬೋರ್ಡಿಗೆ ಡಿಎಸ್‌ಪಿ ಕೂರಿಸದೆ ತರಿಸು. ದಪ್ಪ ರೆಸಿಸ್ಟರ್, ಒಂದು ಮಾಸ್‌ಫೆಟ್, ಸಿಗ್ನಲ್ ಜನರೇಟರ್ ಸೇರಿಸಿ ಲೋಡ್ ಜಿಗಿಸಿ ನೋಡು. ನಾಲ್ಕು ತಂತಿಗಳಿಗೆ ಕೈಯಾರೆ 0, 55, 63 ಕೊಟ್ಟು ಮಲ್ಟಿಮೀಟರಿನಲ್ಲಿ ಅಳೆ. ಸ್ಕೋಪ್ ಪ್ರೋಬಿನ ಮೊಸಳೆ ಬಾಯಿಯ ಉದ್ದ ಗ್ರೌಂಡ್ ತಂತಿ ಬಿಚ್ಚಿಡು, ತುದಿಗೆ ಪುಟ್ಟ ಸ್ಪ್ರಿಂಗ್ ಹಾಕಿಕೋ. ಇಲ್ಲದಿದ್ದರೆ ಇಲ್ಲದ ಮುಳ್ಳುಗಳೆಲ್ಲ ತೆರೆಯ ಮೇಲೆ ಕಾಣುತ್ತವೆ, ನಿನ್ನ ನಿದ್ದೆ ಕೆಡುತ್ತದೆ.

• ಡಿಎಸ್‌ಪಿ ಕೂತ ಮೇಲೆ ಪ್ರತಿ ಬೋರ್ಡಿನ ಸೀರಿಯಲ್ ನಂಬರ್, ಅದು ಕೇಳಿದ ಸಂಖ್ಯೆ, ಬಾಲ್ ಬಳಿ ನೀನು ಅಳೆದ ವೋಲ್ಟೇಜ್, ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡು. ಮೊದಲ ಇಪ್ಪತ್ತು ಬೋರ್ಡ್ ಆದ ಮೇಲೆ ಆ ಪುಟದ ಫೋಟೊ ನನಗೆ ಕಳಿಸು.