ಕಬ್ಬಿನ ಶೇಷವಸ್ತುಗಳೂ ಭೂಸಾರವೂ

ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದಂದಿನಿಂದ ಆ ಸೀಮೆಯ ನಾಲಾ ಬಯಲಿನಲ್ಲಿ ಕಬ್ಬು ಒಂದು ಮುಖ್ಯ ಬೆಳೆಯಾಗಿದೆ. ವರ್ಷೇವರ್ಷೇ ಕಬ್ಬನ್ನೇ ಬೆಳೆದರೆ ಭೂಸಾರವು ಕುಗ್ಗುವುದೆಂದು ರೈತರು ಶಂಕಿಸುವುದು ಸಹಜ. ಆದರೆ ಶುದ್ಧ ಸಕ್ಕರೆಯು ಇಂಗಾಲ, ಜಲಜನಕ, ಆಮ್ಲಜನಕಗಳೆಂಬ ಮೂರೇ ಮೂಲವಸ್ತುಗಳಿಂದಾದುದು. ಇವನ್ನು ಪೈರು ಗಾಳಿಯಿಂದಲೂ ನೀರಿನಿಂದಲೂ ಪಡೆಯುತ್ತದೆ. ನೆಲದಿಂದ ಹೀರಿದ ಸಾರಜನಕ, ರಂಜಕ, ಪೊಟ್ಯಾಷುಗಳು ತರಗು, ಮಡ್ಡಿ, ಕಾಕಂಬಿ ಮೊದಲಾದ ಶೇಷಗಳಲ್ಲಿ ಉಳಿಯುತ್ತವೆ. ಆದುದರಿಂದ ಸಕ್ಕರೆಯನ್ನು ಮಾರುವುದರಿಂದ ಭೂಮಿಯು ಬಡವಾಗುವುದಿಲ್ಲ. ಶೇಷಗಳನ್ನು ಹಾಳುಗೆಡವುವುದರಿಂದಲೇ ಬಡವಾಗುವುದು.

ನೂರು ಟನ್ ಕಬ್ಬನ್ನು ಅರೆದರೆ ಸುಮಾರು 30 ಟನ್ ಸಿಪ್ಪೆಯೂ, ರಸವನ್ನು ಸೋಸಿದ ಮೇಲೆ 3-4 ಟನ್ ಮಡ್ಡಿಯೂ ಉಳಿಯುತ್ತವೆ. ಸಿಪ್ಪೆಯು ಕಾರ್ಖಾನೆಯ ಒಲೆಗೇ ಉರುವಲಾಗಿ ಸೌದೆ, ಕಲ್ಲಿದ್ದಲುಗಳನ್ನು ಉಳಿಸುತ್ತದೆ. ಮಡ್ಡಿಯನ್ನು ಸಗಣಿ, ತರಗುಗಳೊಡನೆ ಗುಂಡಿಯಲ್ಲಿ ಪದರಪದರವಾಗಿ ಹಾಕಿ, ತೇವವಾರದಂತೆ ಕೆಲವು ತಿಂಗಳು ಕೊಳೆಯಿಸಿದರೆ ಉತ್ತಮ ಗೊಬ್ಬರವಾಗುವುದು. ಕಟಾವಾದ ಗದ್ದೆಯ ತರಗಿಗೆ ಬೆಂಕಿಯಿಟ್ಟರೆ ಅದರ ಸಾರಜನಕವು ಹೊಗೆಯೊಡನೆ ಹೋಗುತ್ತದೆ. ಅದನ್ನೇ ಕೂಳೆ ಕಬ್ಬಿನ ಸಾಲುಗಳ ನಡುವೆ ಹರಡಿದರೆ ತೇವವು ನಿಲ್ಲುವುದು, ಕಳೆಯು ಅಡಗುವುದು.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮೊದಲು ತಮ್ಮ ಗದ್ದೆಗಳಲ್ಲಿ ತರಗು ಸುಡುವುದನ್ನು ನಿಲ್ಲಿಸಿ, ಕಬ್ಬು ಸಾಗಿಸಿದ ಗಾಡಿಗಳು ಬರಿದಾಗಿ ಹಿಂದಿರುಗದೆ ಮಡ್ಡಿಯನ್ನು ತರುವಂತೆ ಏರ್ಪಡಿಸಿದರೆ, ಉಳಿದ ರೈತರು ಅವರನ್ನು ಅನುಸರಿಸುವರು.