ತೋಟಗಾರನಿಗೆ ತಕ್ಕ ಮೊಬೈಲ್ ಫೋನು: ಆರಿಸುವ ಕ್ರಮ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಣ್ಣ ತೋಟಗಾರರಿಗೆ ಮೊಬೈಲ್ ಫೋನು ಈಗ ಗುದ್ದಲಿ, ಕುಡುಗೋಲಿನಷ್ಟೇ ಅವಶ್ಯವಾದ ಸಾಧನ. ಮಂಡಿಯ ಧಾರಣೆ, ಸಾಲದ ಖಾತೆ, ಬೆಳೆ ಸಮೀಕ್ಷೆ, ಮಳೆಯ ಮುನ್ಸೂಚನೆ, ಬೋರ್‌ವೆಲ್ ಮೋಟಾರು ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಸಸಿ ಕೊಳ್ಳುವಾಗ ತಾಯಿಮರ ಯಾವುದೆಂದು ವಿಚಾರಿಸುವ ನಾವು ಫೋನು ಕೊಳ್ಳುವಾಗ ಮಾತ್ರ ಅಂಗಡಿಯವರು ತೋರಿಸಿದ್ದನ್ನು ತಂದುಬಿಡುತ್ತೇವೆ. ಫೋನು ಕೊಂಡ ಮೇಲೆ ಸಿಗ್ನಲ್ ಹುಡುಕುವುದು, ನೀರು ನೋಡದೆ ತೋಟ ಹಾಕಿದಂತೆ. ಮೊದಲು ಕೆಲಸ, ಆಮೇಲೆ ಸ್ಥಳ, ಆಮೇಲೆ ಕಂಪನಿ, ಕೊನೆಗೆ ಫೋನು. ಇದೇ ಸರಿಯಾದ ಕ್ರಮ.

1. ಕೆಲಸ ಯಾವುದು?

ಮಾತನಾಡಲು ಮತ್ತು ಬ್ಯಾಂಕಿನ ಸಂದೇಶ ನೋಡಲು ಮಾತ್ರವಾದರೆ ಗುಂಡಿ ಒತ್ತುವ ಸಾದಾ ಫೋನೇ ಸಾಕು. ಅದರ ಬೆಲೆ ಕಡಿಮೆ, ಬ್ಯಾಟರಿ ಹಲವು ದಿನ ಬರುತ್ತದೆ. ಬೆಳೆ ಸಮೀಕ್ಷೆಯ ಫೋಟೋ ಹಾಕಲು, ರೋಗ ತಗುಲಿದ ಎಲೆಯ ಚಿತ್ರವನ್ನು ತೋಟಗಾರಿಕೆ ಅಧಿಕಾರಿಗಳಿಗೆ ಕಳುಹಿಸಲು, ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ಯಂಥ ಆ್ಯಪ್ ನೋಡಲು ಸ್ಮಾರ್ಟ್‌ಫೋನು ಬೇಕು. ಮನೆಗೊಂದು ಸ್ಮಾರ್ಟ್‌ಫೋನು, ಹೊಲಕ್ಕೆ ಒಯ್ಯಲು ಒಂದು ಸಾದಾ ಫೋನು ಇದ್ದರೆ ಅನೇಕ ಕುಟುಂಬಗಳಿಗೆ ಸಾಲುತ್ತದೆ.

2. ಸಿಗ್ನಲ್ ಎಲ್ಲಿ ಬೇಕು?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಎತ್ತರದ ಗುಡ್ಡ, ದಟ್ಟ ಮರಗಳು ಸಿಗ್ನಲಿಗೆ ಅಡ್ಡಿ. ನಮ್ಮ ಬಯಲು ಸೀಮೆಯಲ್ಲಿ ಬಂಡೆಗುಡ್ಡಗಳ ಮರೆ, ಕೆರೆಯಂಗಳದ ತಗ್ಗು ಮತ್ತು ರಾಜ್ಯದ ಗಡಿ ಅಡ್ಡಿಯಾಗುತ್ತವೆ.

ಸದ್ಯ ನಮ್ಮಲ್ಲಿ ಸೇವೆ ಕೊಡುವವು ನಾಲ್ಕು: ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಅಂದರೆ ವಿ, ಮತ್ತು ಬಿ.ಎಸ್.ಎನ್.ಎಲ್. ಟ್ರಾಯ್ ಸಂಸ್ಥೆಯ 2024ರ ನಿಯಮದ ಮೇರೆಗೆ ಕಂಪನಿಗಳು ಸೇವೆ ದೊರೆಯುವ ಪ್ರದೇಶಗಳ ನಕ್ಷೆ ಪ್ರಕಟಿಸಬೇಕು. ಆದರೆ ನಕ್ಷೆಗಿಂತ ಪರೀಕ್ಷೆ ಮೇಲು. ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆರೆಯವರನ್ನು ಕರೆದುಕೊಂಡು ಮನೆಯೊಳಗೆ, ಪಂಪ್ ಮನೆಯಲ್ಲಿ, ತೋಟದ ಕಡೆಯ ಮೂಲೆಯಲ್ಲಿ ಎರಡೆರಡು ನಿಮಿಷ ಮಾತನಾಡಿ ನೋಡಿ. ಬೆಳಿಗ್ಗೆ ಒಮ್ಮೆ, ಜನರೆಲ್ಲ ಫೋನು ಬಳಸುವ ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ನೋಡತಕ್ಕದ್ದು. ಪರದೆಯ ಗೆರೆಗಳನ್ನಷ್ಟೇ ನಂಬಬಾರದು. ಗೆರೆ ತುಂಬಿದ್ದರೂ ಮಾತು ಕಡಿಯುವುದುಂಟು.

ಮುಳಬಾಗಿಲು, ಶ್ರೀನಿವಾಸಪುರದ ಗಡಿ ಊರುಗಳಲ್ಲಿ ಆಂಧ್ರದ ಟವರನ್ನೂ, ಮಾಲೂರಿನ ಗಡಿಯಲ್ಲಿ ತಮಿಳುನಾಡಿನ ಟವರನ್ನೂ ಫೋನು ಹಿಡಿಯಬಹುದು. ಈಗಿನ ಸಾಮಾನ್ಯ ಪ್ಲಾನುಗಳಲ್ಲಿ ಇದಕ್ಕೆ ಬೇರೆ ಶುಲ್ಕವಿಲ್ಲ. ಆದರೆ ತುರ್ತು ಸಂಖ್ಯೆ 112ಕ್ಕೆ ಮಾಡಿದ ಕರೆ ಪಕ್ಕದ ರಾಜ್ಯದ ಕೇಂದ್ರಕ್ಕೆ ಹೋಗುವ ಸಂಭವವಿದೆ. ಊರಿನ ಜೊತೆಗೆ ತಾಲ್ಲೂಕು, ಜಿಲ್ಲೆ, ರಾಜ್ಯದ ಹೆಸರನ್ನೂ ಹೇಳುವ ಅಭ್ಯಾಸ ಒಳ್ಳೆಯದು.

3. ಪಂಪ್ ಮನೆಯ ಸಿಮ್

ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಪೆಟ್ಟಿಗೆಯೊಳಗೂ ಒಂದು ಸಿಮ್ ಇದೆ. ಹಳೆಯ ಸ್ಟಾರ್ಟರುಗಳಲ್ಲಿ ಬಹಳಷ್ಟು 2ಜಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. 2016ರಲ್ಲಿ ಆರಂಭವಾದ ಜಿಯೊ ಕಂಪನಿಗೆ 2ಜಿ ಸೇವೆಯೇ ಇಲ್ಲ. ಆದ್ದರಿಂದ ಅಂಥ ಪೆಟ್ಟಿಗೆಗೆ ಉಳಿದ ಮೂರರಲ್ಲಿ ಒಂದನ್ನು ಹಾಕಬೇಕು. ಹೊಸದು ಕೊಳ್ಳುವಾಗ 4ಜಿ ಹಿಡಿಯುವುದೇ ಎಂದು ಕೇಳಿ ತಿಳಿಯಿರಿ.

ಈ ಸಿಮ್ಮಿನ ರೀಚಾರ್ಜ್ ಅವಧಿ ಮುಗಿದರೆ ಯಾರೂ ನೆನಪಿಸುವುದಿಲ್ಲ. ತ್ರೀ ಫೇಸ್ ಕರೆಂಟು ಬಂದರೂ ಮೋಟಾರು ಓಡುವುದಿಲ್ಲ, ಬೇಸಿಗೆಯಲ್ಲಿ ಎಳೆಯ ಅಡಿಕೆ ಸಸಿಗಳು ಬಾಡುತ್ತವೆ. ಮುಗಿಯುವ ದಿನಾಂಕವನ್ನು ಪಂಪ್ ಮನೆಯ ಗೋಡೆಯ ಮೇಲೆ ಬರೆದಿಡಿ. ನೀರು ನಿಂತಾಗ ಮೋಟಾರು ತಾನೇ ನಿಲ್ಲುವ ಏರ್ಪಾಡು ಸ್ಟಾರ್ಟರಿನಲ್ಲಿ ಇರಲೇಬೇಕು. ಸುಟ್ಟ ಮೋಟಾರನ್ನು ಆಳದಿಂದ ಮೇಲೆತ್ತಿಸುವ ಖರ್ಚು ಎಷ್ಟೆಂದು ನಮಗೆಲ್ಲ ಗೊತ್ತಿದೆ. ದುರಸ್ತಿಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ ತೆಗೆಯಿರಿ. ಮನೆಯಲ್ಲಿ ಕುಳಿತವರು ತಿಳಿಯದೆ ಫೋನಿನಿಂದ ಮೋಟಾರು ಚಾಲೂ ಮಾಡಿದರೆ ಪ್ರಾಣಕ್ಕೇ ಅಪಾಯ.

4. ಪ್ಲಾನಿನ ಲೆಕ್ಕ

28 ದಿನದ ಪ್ಲಾನನ್ನು ತಿಂಗಳ ಪ್ಲಾನೆಂದು ತಿಳಿಯಬಾರದು. ವರ್ಷಕ್ಕೆ 12 ಸಲವಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಲೆಕ್ಕಕ್ಕಾಗಿ ಒಂದು ಸಲಕ್ಕೆ 200 ರೂಪಾಯಿ ಎಂದಿಟ್ಟುಕೊಂಡರೆ, ವರ್ಷಕ್ಕೆ 2,400 ಅಲ್ಲ, 2,600 ರೂಪಾಯಿ. ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬೀಳುತ್ತದೆಂದು ಹೋಲಿಸಿ ನೋಡಿ. ಇಂಟರ್‌ನೆಟ್ ಬೇಡದವರಿಗಾಗಿ ಕರೆ ಮತ್ತು ಸಂದೇಶಕ್ಕೆ ಮಾತ್ರ ಸೀಮಿತವಾದ ಪ್ಲಾನನ್ನೂ ಕಂಪನಿಗಳು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿದೆ. ಅಂಗಡಿಯಲ್ಲಿ ತಾವಾಗಿ ಹೇಳದಿದ್ದರೆ ನಾವೇ ಕೇಳಿ ಪಡೆಯಬೇಕು. ಮಾವಿನ ಹಣ ಕೈಗೆ ಬಂದಾಗ ದೀರ್ಘ ಅವಧಿಯ ಪ್ಲಾನನ್ನು ಒಮ್ಮೆಲೇ ಹಾಕಿಸುವುದು ಅನುಕೂಲ.

5. ಫೋನು ಕೊಳ್ಳುವಾಗ

ಬಿಸಿಲಿನಲ್ಲಿ ಪರದೆ ಕಾಣುವುದೇ, ಕನ್ನಡ ಅಕ್ಷರ ಸರಿಯಾಗಿ ಮೂಡುವುದೇ, ಎರಡು ಸಿಮ್ ಹಿಡಿಯುವುದೇ, ನಿಮ್ಮ ಊರಿನ ಆಸುಪಾಸಿನಲ್ಲಿ ದುರಸ್ತಿ ಮಾಡುವವರಿದ್ದಾರೆಯೇ ಎಂಬುದನ್ನು ಕ್ಯಾಮೆರಾಗಿಂತ ಮೊದಲು ನೋಡಿ. ಬಿ.ಎಸ್.ಎನ್.ಎಲ್. ತನ್ನ 4ಜಿಗೆ 700 ಮೆಗಾಹರ್ಟ್ಸ್ ಅಲೆಯನ್ನೂ ಬಳಸುತ್ತದೆ. ಈ ಅಲೆ ದೂರ ಸಾಗುತ್ತದೆ, ಗೋಡೆಯೊಳಗೂ ನುಗ್ಗುತ್ತದೆ. ಆದರೆ ಹಳೆಯ ಫೋನುಗಳಲ್ಲಿ ಕೆಲವು ಇದನ್ನು ಹಿಡಿಯವು. ‘ಬ್ಯಾಂಡ್ 28 ಇದೆಯೇ’ ಎಂದು ಕೇಳಿದರೆ ತಿಳಿಯುತ್ತದೆ.

*#06# ಒತ್ತಿದರೆ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆ ಬರುತ್ತದೆ. ಅದು ಡಬ್ಬದ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಬಿಲ್ಲನ್ನು ಜೋಪಾನವಾಗಿಡಿ. ಫೋನು ಕಳುವಾದರೆ ಪೊಲೀಸ್ ದೂರು ಕೊಟ್ಟು, ‘ಸಂಚಾರ್ ಸಾಥಿ’ ಮೂಲಕ ಅದನ್ನು ನಿರ್ಬಂಧಿಸಲು ಇದೇ ಸಂಖ್ಯೆ ಬೇಕು.

6. ನಂಬರು ನಮ್ಮ ಆಸ್ತಿ

ಫೋನು ಹಾಳಾದರೆ ಇನ್ನೊಂದು ಕೊಳ್ಳಬಹುದು. ಆದರೆ ಆಧಾರ್, ಬ್ಯಾಂಕ್, ರೈತರ ‘ಫ್ರೂಟ್ಸ್’ ನೋಂದಣಿ ಎಲ್ಲಕ್ಕೂ ಕೊಟ್ಟಿರುವುದು ಒಂದೇ ನಂಬರು. ಸಿಮ್ ನಮ್ಮ ಹೆಸರಿನಲ್ಲೇ ಇರಬೇಕು. ಅಂಗಡಿಯವರ ಅಥವಾ ಪರಿಚಯದವರ ಹೆಸರಿನಲ್ಲಿ ಬೇಡ. 90 ದಿನ ಯಾವ ಬಳಕೆಯೂ ಇಲ್ಲದ ನಂಬರು ರದ್ದಾಗಿ, ಮುಂದೆ ಬೇರೆಯವರ ಪಾಲಾಗಬಹುದು. ಆಗ ನಮ್ಮ ಖಾತೆಯ ಸಂದೇಶಗಳು ಅವರ ಕೈಗೆ ಹೋಗುತ್ತವೆ.

ಕಂಪನಿ ಹಿಡಿಸದಿದ್ದರೆ ನಂಬರು ಬಿಡಬೇಕಾಗಿಲ್ಲ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ಹತ್ತು ಅಂಕಿಯ ನಂಬರು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ. ಬರುವ ಸಂಕೇತಕ್ಕೆ ನಮ್ಮ ರಾಜ್ಯದಲ್ಲಿ ನಾಲ್ಕು ದಿನ ಮಾನ್ಯತೆ. ಅಷ್ಟರೊಳಗೆ ಗುರುತಿನ ದಾಖಲೆಯೊಡನೆ ಹೊಸ ಕಂಪನಿಯ ಅಂಗಡಿಗೆ ಹೋಗತಕ್ಕದ್ದು. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು, ಬಾಕಿ ಇರಬಾರದು.

ಒ.ಟಿ.ಪಿ. ಸಂಖ್ಯೆಯನ್ನು ಯಾರು ಕೇಳಿದರೂ ಹೇಳಬೇಡಿ. ಹಣ ಹೋದುದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಹಿಂದಕ್ಕೆ ಸಿಗುವುದು ಕಷ್ಟ. ಬೆಳೆಯ ವಿಷಯದಲ್ಲಿ ಸಂದೇಹವಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಯಾವ ಫೋನಿನಿಂದಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಈ ಸಂಚಿಕೆ ಓದಿದ ವಾರದಲ್ಲೇ ಒಂದು ಹಾಳೆಯಲ್ಲಿ ಮನೆಯವರ ಪ್ರತಿಯೊಂದು ನಂಬರು, ಅದು ಯಾರ ಹೆಸರಿನಲ್ಲಿದೆ, ರೀಚಾರ್ಜ್ ಎಂದಿಗೆ ಮುಗಿಯುತ್ತದೆ ಎಂಬುದನ್ನು ಬರೆದು ಪಹಣಿ, ಪಾಸ್‌ಬುಕ್ಕುಗಳ ಜೊತೆಗಿಡಿ. ಸ್ಟಾರ್ಟರ್ ಪೆಟ್ಟಿಗೆಯ ನಂಬರನ್ನೂ ಅದರಲ್ಲಿ ಸೇರಿಸಿ.